ಎರಡೂ 99% ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಕಾಳೇ. ಒಂದರ ಮುಚ್ಚಳ ಬಾಳಿತು, ಇನ್ನೊಂದರದ್ದು ಮೂರೇ ವಾರಕ್ಕೆ ಬಿರುಕು ಬಿಟ್ಟಿತು. ಯಾಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕಂಚು ಕರಗಿಸುವ ಒಂದು ಸಣ್ಣ ಕುಲುಮೆ ನಡೆಸುತ್ತೇನೆ. ಅದರ ಮುಚ್ಚಳವನ್ನು ನಾನೇ ಕ್ಯಾಸ್ಟಬಲ್ (ಬಿಸಿ ತಡೆಯುವ ಕಾಂಕ್ರೀಟ್) ಕಲಸಿ ಅಚ್ಚಿಗೆ ಹೊಯ್ದು ಮಾಡಿಕೊಳ್ಳುತ್ತೇನೆ. ದಪ್ಪ 100 ಮಿ.ಮೀ. ಒಳಮೈ ಸುಮಾರು 1250 ಡಿಗ್ರಿವರೆಗೆ ಕಾಯುತ್ತದೆ. ದಿನಕ್ಕೆ ಎಂಟು ಹತ್ತು ಸಲ ತೆಗೆದು ಮುಚ್ಚಬೇಕು. ತೆಗೆದಾಗೆಲ್ಲ ನಿಗಿನಿಗಿ ಕಾದ ಮೈಗೆ ತಣ್ಣನೆ ಗಾಳಿ ಬಡಿಯುತ್ತದೆ.

ನಾಲ್ಕು ವರ್ಷದಿಂದ ಒಂದೇ ಅಳತೆ ಇಟ್ಟುಕೊಂಡಿದ್ದೇನೆ. ನೂರರಲ್ಲಿ 60 ಪಾಲು 1ರಿಂದ 5 ಮಿ.ಮೀ. ಗಾತ್ರದ ಕಾಳು. ಉಳಿದದ್ದು ನುಣ್ಣನೆಯ ಅಲ್ಯುಮಿನಾ ಪುಡಿ, ಜೊತೆಗೆ ಸ್ವಲ್ಪ ಅಲ್ಯುಮಿನಾ ಸಿಮೆಂಟ್. ಕಾಳು ಯಾವಾಗಲೂ ಟ್ಯಾಬ್ಯುಲರ್ ಅಲ್ಯುಮಿನಾ. ಒಂದು ಮುಚ್ಚಳ ಐದು ತಿಂಗಳು ಆರಾಮಾಗಿ ಬರುತ್ತಿತ್ತು.

ಈ ಸಲ ಟ್ಯಾಬ್ಯುಲರ್ ಸಿಗಲಿಲ್ಲ. ವೈಟ್ ಫ್ಯೂಸ್ಡ್ ಅಲ್ಯುಮಿನಾ ತಂದೆ. ಎರಡರ ಟೆಸ್ಟ್ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೆ. ಅಲ್ಯುಮಿನಾ ಒಂದರಲ್ಲಿ 99.4, ಇನ್ನೊಂದರಲ್ಲಿ 99.3. ಬಲ್ಕ್ ಡೆನ್ಸಿಟಿ (ತೂತೂ ಸೇರಿದ ಸಾಂದ್ರತೆ) ಎರಡರದ್ದೂ 3.55 ಆಸುಪಾಸು. ಒಂದೇ ಮಾಲು ಅಂದುಕೊಂಡೆ.

ಕಲಸುವಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಮೊದಲು 5.2% ನೀರಿಗೆ ಹದವಾಗಿ ಹರಿಯುತ್ತಿದ್ದ ಮಿಶ್ರಣ ಈ ಸಲ ಉಂಡೆ ಉಂಡೆಯಾಗಿ ನಿಂತಿತು. 6.1% ಹಾಕಿದ ಮೇಲೆ ಅಚ್ಚಿಗೆ ಇಳಿಯಿತು. ಒಣಗಿಸಿದ್ದು, ಮೊದಲ ಸಲ ಕಾಯಿಸಿದ್ದು ಎಲ್ಲ ಹಳೆಯ ಕ್ರಮದಲ್ಲೇ. ಮೂರನೇ ವಾರಕ್ಕೆ ಅಂಚಿನಿಂದ ನಡುವಿನ ತೂತಿನವರೆಗೆ ಒಂದೇ ಬಿರುಕು ಸೀಳಿತು. ಮರುದಿನ ಎರಡು ಬೊಗಸೆ ಚಕ್ಕೆ ಕೆಳಗೆ ಉದುರಿತ್ತು.

ಉದುರಿದ ತುಂಡನ್ನು ಬಿಸಿಲಿಗೆ ಹಿಡಿದು ನೋಡಿದೆ. ಕಾಳುಗಳು ಇಡಿಯಾಗಿ ಕಳಚಿ ಬಂದಿವೆ. ಅವು ಕೂತಿದ್ದ ಗುಳಿಗಳು ಹಲ್ಲು ಬಿದ್ದ ವಸಡಿನ ಹಾಗೆ ಖಾಲಿ, ಒಳಗೆಲ್ಲ ನುಣುಪು, ಹೊಳಪು. ಹಳೆಯ ಮುಚ್ಚಳದ ಒಂದು ತುಂಡು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಒಡೆದರೆ ಬಹಳಷ್ಟು ಕಡೆ ಕಾಳೇ ಎರಡು ಹೋಳಾಗಿದೆ, ಕಳಚಿಲ್ಲ.

ರಾಸಾಯನಿಕ ಒಂದೇ, ತೂಕ ಒಂದೇ. ಹಾಗಾದರೆ ಬೇರೆ ಆಗಿರುವುದು ಏನು? ತಿಳಿದವರು ಹೇಳಿ. ಇನ್ನೂ ಮೂರು ಚೀಲ ಕಾಳು ಉಳಿದಿದೆ.

ಉತ್ತರ 1

ಸರ್, ನೀವು ಬರೆದ ಎರಡು ವಿಷಯ, 0.9% ಜಾಸ್ತಿ ನೀರು ಮತ್ತು ಆ ಹೊಳೆಯುವ ಗುಳಿಗಳು, ಇವೆರಡರಲ್ಲೇ ಅರ್ಧ ಉತ್ತರ ಇದೆ. ನಾನು ಇಪ್ಪತ್ತೆರಡು ವರ್ಷ ರಿಫ್ರಾಕ್ಟರಿ (ಬಿಸಿ ತಡೆಯುವ ವಸ್ತು) ಟೆಸ್ಟಿಂಗ್ ಬೆಂಚಿನಲ್ಲಿ ಕೆಲಸ ಮಾಡಿದವನು. ಒಡೆದ ತುಂಡನ್ನು ಇಷ್ಟು ಗಮನವಿಟ್ಟು ನೋಡುವವರು ಕಡಿಮೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆ ಹಾಳೆ ಕಾಳಿನಲ್ಲಿ ಏನೇನಿದೆ ಅಂತ ಹೇಳುತ್ತದೆ. ಅದು ಒಳಗೆ ಹೇಗೆ ಕೂತಿದೆ ಅನ್ನುವುದು ಅದರಲ್ಲಿ ಬರುವುದಿಲ್ಲ. ನಿಮ್ಮ ಎರಡು ಕಾಳುಗಳು ಹುಟ್ಟಿದ ದಾರಿಯೇ ಬೇರೆ.

ಟ್ಯಾಬ್ಯುಲರ್ ಅನ್ನು ಕರಗಿಸುವುದಿಲ್ಲ. ನುಣ್ಣನೆಯ ಅಲ್ಯುಮಿನಾ ಪುಡಿಯನ್ನು ಉಂಡೆ ಕಟ್ಟಿ 1800 ಡಿಗ್ರಿಗಿಂತ ಮೇಲೆ, ಆದರೆ ಅಲ್ಯುಮಿನಾ ಕರಗುವ 2050ಕ್ಕಿಂತ ಕೆಳಗೆ, ಬೇಗ ಬೇಗ ಸುಡುತ್ತಾರೆ. ಆಗ ಪುಡಿಯ ಕಣಗಳು ಒಂದನ್ನೊಂದು ನುಂಗುತ್ತಾ ದೊಡ್ಡ ಹರಳಾಗುತ್ತವೆ. ಚಪ್ಪಟೆ ಬಿಲ್ಲೆಯಂಥ ಹರಳು, ಐವತ್ತರಿಂದ ಇನ್ನೂರು ಮೈಕ್ರಾನ್, ಕೆಲವು ಇನ್ನೂ ದೊಡ್ಡವು. ಆ ಬಿಲ್ಲೆ ಆಕಾರದಿಂದಲೇ ಆ ಹೆಸರು ಬಂತು. ಹರಳು ಎಷ್ಟು ಬೇಗ ಬೆಳೆಯುತ್ತದೆ ಅಂದರೆ ದಾರಿಯಲ್ಲಿದ್ದ ಸಣ್ಣ ಸಣ್ಣ ತೂತುಗಳಿಗೆ ಹೊರಗೆ ಹೋಗಲು ಸಮಯವೇ ಸಿಗುವುದಿಲ್ಲ. ಹರಳಿನ ಹೊಟ್ಟೆಯೊಳಗೇ ಸಿಕ್ಕಿಹಾಕಿಕೊಳ್ಳುತ್ತವೆ. ಪಾಲಿಶ್ ಮಾಡಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಒಂದೊಂದು ಹರಳಿನೊಳಗೂ ದುಂಡನೆಯ ಚುಕ್ಕಿಗಳು ಚೆಲ್ಲಿದ ಹಾಗೆ ಕಾಣುತ್ತದೆ. ಮೊದಲ ಸಲ ನೋಡಿದಾಗ ನಾನು ಗಾಜಿನ ಮೇಲೆ ಧೂಳು ಕೂತಿದೆ ಅಂತ ಒರೆಸಿದ್ದೆ. ಆ ತೂತುಗಳಿಗೆ ಹೊರಗಿನ ಸಂಪರ್ಕ ಇಲ್ಲ. ನೀರು ಹೋಗುವುದಿಲ್ಲ. ಓಡಿ ಬರುವ ಬಿರುಕಿನ ತುದಿ ಅಂಥ ತೂತಿಗೆ ಬಂದು ಸೇರಿದರೆ ಮೊಂಡಾಗುತ್ತದೆ, ಅಲ್ಲೇ ನಿಲ್ಲಲೂಬಹುದು.

ಫ್ಯೂಸ್ಡ್ ಅನ್ನು ಆರ್ಕ್ ಕುಲುಮೆಯಲ್ಲಿ ಪೂರ್ತಿ ಕರಗಿಸಿ, ದೊಡ್ಡ ಗಟ್ಟಿಯಾಗಿ ತಣಿಸಿ, ಆಮೇಲೆ ಜಜ್ಜಿ ಪುಡಿ ಮಾಡುತ್ತಾರೆ. ನಿಧಾನ ತಣಿಯುವುದರಿಂದ ಹರಳು ಬಹಳ ದೊಡ್ಡದು. ಎಷ್ಟೋ ಸಲ ಒಂದು ಕಾಳು ಅಂದರೆ ಒಂದೇ ಹರಳಿನ ಚೂರು. ತೂತುಗಳು ಇಲ್ಲೂ ಇವೆ, ಆದರೆ ದೊಡ್ಡವು. ಜಜ್ಜುವಾಗ ಅವು ತೆರೆದುಕೊಳ್ಳುತ್ತವೆ. ಅದೇ ಏಟಿಗೆ ಕಾಳಿನೊಳಗೆ ಸೂಕ್ಷ್ಮ ಬಿರುಕೂ ಬೀಳುತ್ತದೆ. ಇನ್ನೊಂದು ವಿಷಯ, ಅಲ್ಯುಮಿನಾದಲ್ಲಿರುವ ಚೂರು ಸೋಡಾ (ಸೋಡಿಯಂ ಆಕ್ಸೈಡ್) ಗಟ್ಟಿಯ ನಡುವೆ, ಕೊನೆಗೆ ಹೆಪ್ಪುಗಟ್ಟುವ ಜಾಗಕ್ಕೆ ಹೋಗಿ ಸೇರುತ್ತದೆ. ಅಲ್ಲಿ ಬೀಟಾ ಅಲ್ಯುಮಿನಾ ಅನ್ನುವ ಮೆದು ಹರಳಾಗುತ್ತದೆ. ಹಾಗಾಗಿ ಗಟ್ಟಿಯ ಅಂಚಿನ ಕಾಳಿಗೂ ನಡುವಿನ ಕಾಳಿಗೂ ವ್ಯತ್ಯಾಸ ಇರುತ್ತದೆ. ನಿಮ್ಮ ಚೀಲದಲ್ಲಿ ಎರಡೂ ಬೆರೆತಿರುತ್ತವೆ.

ಈಗ ನಿಮ್ಮ ನೀರಿನ ವಿಷಯ. ತೆರೆದ ತೂತು ನೀರು ಕುಡಿಯುತ್ತದೆ. ಅದು ಸಾಲದು ಅಂತ ಜಜ್ಜಿದ ಕಾಳಿನ ಅಂಚು ಚೂಪು, ಒಂದಕ್ಕೊಂದು ಸಿಕ್ಕಿಕೊಂಡು ಉರುಳುವುದಿಲ್ಲ. ಹರಿಯಲಿ ಅಂತ ನೀವು ಇನ್ನಷ್ಟು ನೀರು ಹಾಕಿದ್ದೀರಿ. ಕಾಳು ಒಂದೇ ಸಲಕ್ಕೆ ಅಷ್ಟೂ ನೀರನ್ನು ಹೀರುವುದಿಲ್ಲ. ಉಳಿದದ್ದು ಮ್ಯಾಟ್ರಿಕ್ಸ್‌ನಲ್ಲಿ, ಅಂದರೆ ಕಾಳುಗಳ ನಡುವಿನ ಪುಡಿಯಲ್ಲಿ ಕೂರುತ್ತದೆ. ಒಣಗಿದ ಮೇಲೆ ಆ ಜಾಗ ಟೊಳ್ಳು. ಹೆಚ್ಚಿನದಾಗಿ ಕಾಳಿನ ಮೈಗೆ ಅಂಟಿಕೊಂಡೇ ಆ ಟೊಳ್ಳು ಬರುತ್ತದೆ.

ಗುಳಿಯ ಹೊಳಪಿಗೆ ಕಾರಣವೂ ಇದರಲ್ಲೇ ಇದೆ. ಫ್ಯೂಸ್ಡ್ ಕಾಳಿನ ಮುರಿದ ಮೈ ಗಾಜಿನ ಹಾಗೆ ನುಣುಪು. ಪುಡಿ ಅದನ್ನು ಹಿಡಿದುಕೊಳ್ಳಲು ಜಾಸ್ತಿ ಬಿಸಿ ಬೇಕು. ಅದಲ್ಲದೆ ಸುಮಾರು 800ರಿಂದ 1200 ಡಿಗ್ರಿ ನಡುವೆ ಸಿಮೆಂಟ್ ಕ್ಯಾಸ್ಟಬಲ್‌ಗೆ ಒಂದು ಬಡ ಕಾಲ. ನೀರಿನಿಂದ ಬಂದ ಸಿಮೆಂಟಿನ ಹಿಡಿತ ಹೋಗಿರುತ್ತದೆ, ಸುಟ್ಟು ಬೆಸೆಯುವ ಹಿಡಿತ ಇನ್ನೂ ಬಂದಿರುವುದಿಲ್ಲ. ನಿಮ್ಮ ಮುಚ್ಚಳದ ಒಳಮೈ ಈ ಗಡಿ ದಾಟುತ್ತದೆ. ಅದರ ಹಿಂದಿನ ದಪ್ಪದಲ್ಲಿ ಒಂದು ಪಾಲು ಈ ಬಡ ಕಾಲದೊಳಗೇ ಇರುತ್ತದೆ. ಟ್ಯಾಬ್ಯುಲರ್‌ನ ಒರಟು ಮೈ ಆಗಲೂ ಕಚ್ಚಿ ಹಿಡಿದಿತ್ತು. ನುಣುಪು ಮೈ ಬಿಟ್ಟುಕೊಟ್ಟಿತು.

ಬಿರುಕು ಒಂದೇ, ಉದ್ದಕ್ಕೆ ಸೀಳಿತು ಅಂದಿರಲ್ಲ, ಅದೂ ಮುಖ್ಯ. ಗಟ್ಟಿ ಇದ್ದರೆ ಒಡೆಯುವುದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಥರ್ಮಲ್ ಶಾಕ್‌ನಲ್ಲಿ, ಅಂದರೆ ಬಿಸಿ ಮೈ ಥಟ್ಟನೆ ತಣಿದಾಗ, ಲೆಕ್ಕವೇ ಬೇರೆ. ಹ್ಯಾಸೆಲ್‌ಮನ್ ಅನ್ನುವ ವಿಜ್ಞಾನಿ 1969ರಲ್ಲಿ ಇದನ್ನು ಒಂದು ಸಿದ್ಧಾಂತವಾಗಿ ಕಟ್ಟಿಕೊಟ್ಟರು. ಬಿಸಿ ತಣಿಯುವಾಗ ವಸ್ತುವಿನೊಳಗೆ ಎಳೆತದ ಶಕ್ತಿ ತುಂಬಿಕೊಳ್ಳುತ್ತದೆ. ಮೊದಲೇ ನೂರಾರು ಪುಟ್ಟ ಬಿರುಕು ಇದ್ದರೆ ಆ ಶಕ್ತಿ ಹಂಚಿಹೋಗುತ್ತದೆ, ಒಂದೊಂದೂ ಒಂದಿಷ್ಟು ಬೆಳೆದು ನಿಲ್ಲುತ್ತದೆ. ಬಿರುಕು ಕೆಲವೇ ಇದ್ದರೆ ಅಷ್ಟೂ ಶಕ್ತಿ ಒಂದರ ಮೇಲೆ ಬಿದ್ದು ಅದು ಓಡುತ್ತದೆ. ನಿಮ್ಮ ಹಳೆಯ ಮುಚ್ಚಳದ ಮೇಲೆ ಕೂದಲೆಳೆಯ ಜಾಲ ಕಾಣುತ್ತಿತ್ತಾ? ನೆನಪು ಮಾಡಿಕೊಳ್ಳಿ.

ಒಂದು ಕೆಲಸ ಮಾಡಿ. ಎರಡೂ ಕಾಳಿನಿಂದ 3ರಿಂದ 5 ಮಿ.ಮೀ. ಗಾತ್ರದ್ದನ್ನು ಜರಡಿ ಹಿಡಿದು ನೂರು ನೂರು ಗ್ರಾಂ ತೆಗೆಯಿರಿ. ತೊಳೆದು 110 ಡಿಗ್ರಿಯಲ್ಲಿ ಒಣಗಿಸಿ ತೂಗಿ. ಎರಡು ಗಂಟೆ ನೀರಲ್ಲಿ ಕುದಿಸಿ, ರಾತ್ರಿ ಅದೇ ನೀರಲ್ಲಿ ಬಿಡಿ. ಬೆಳಿಗ್ಗೆ ಜಾಳಿಗೆ ಬುಟ್ಟಿಯಲ್ಲಿ ನೀರೊಳಗೆ ತೂಗುಹಾಕಿ ತೂಕ ನೋಡಿ. ಬುಟ್ಟಿಯ ತೂಕ ಕಳೆಯುವುದನ್ನು ಮರೆಯಬೇಡಿ. ಆಮೇಲೆ ಒದ್ದೆ ಬಟ್ಟೆಯ ಮೇಲೆ ಉರುಳಿಸಿ, ಮೇಲಿನ ಹನಿ ಮಾತ್ರ ಹೋದ ಕೂಡಲೇ ಮೂರನೇ ಸಲ ತೂಗಿ. ಒಣ ಬಟ್ಟೆಯಲ್ಲಿ ಒರೆಸಿದರೆ ತೂತಿನ ನೀರನ್ನೂ ಎಳೆದುಬಿಡುತ್ತದೆ. ಮೂರು ಅಂಕೆ ಇಲ್ಲಿ ಹಾಕಿ, ಲೆಕ್ಕ ನಾನು ಮಾಡಿಕೊಡುತ್ತೇನೆ.

ಉತ್ತರ 2

ಮೇಲಿನವರು ಹೇಳಿದ್ದು ಮುಚ್ಚಳದ ಮಟ್ಟಿಗೆ ಸರಿ. ಆದರೆ ಫ್ಯೂಸ್ಡ್ ಕಾಳು ಕೆಟ್ಟದ್ದು ಅಂತ ಯಾರೂ ತಿಳಿಯಬಾರದು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕೆಲಸ ಕರಗಿದ ಉಕ್ಕು ಹಿಡಿಯುವ ಲ್ಯಾಡಲ್‌ಗಳ ಒಳಗೋಡೆ ಕಟ್ಟುವುದು. ಸ್ಲ್ಯಾಗ್ (ಕಿಟ್ಟ) ತಾಗುವ ಪಟ್ಟಿಯಲ್ಲಿ ನಾವು ಮ್ಯಾಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್) ಕಾರ್ಬನ್ ಇಟ್ಟಿಗೆ ಇಡುತ್ತೇವೆ. ಅಲ್ಲಿ ಫ್ಯೂಸ್ಡ್ ಕಾಳೇ ಬೇಕು.

ಸವೆದ ಇಟ್ಟಿಗೆಯನ್ನು ಕೊಯ್ದು ನೋಡಿದರೆ ಕಾರಣ ಕಣ್ಣಿಗೆ ಕಾಣುತ್ತದೆ. ಸ್ಲ್ಯಾಗ್ ಮ್ಯಾಗ್ನೀಷಿಯಾ ಹರಳನ್ನು ನೇರವಾಗಿ ತಿನ್ನುವುದು ನಿಧಾನ. ಅದು ಹರಳು ಹರಳಿನ ನಡುವಿನ ಸಂದಿಗೆ ನುಗ್ಗುತ್ತದೆ. ಸಂದಿಯಲ್ಲಿ ಕಾವಲಿಗೆ ನಿಂತಿರುವುದು ತೆಳುವಾದ ಸಿಲಿಕೇಟ್ ಪದರ ಮಾತ್ರ. ಅದು ಕರಗಿತು ಅಂದರೆ ಹರಳು ಒಂದೊಂದಾಗಿ ಬಿಡಿಸಿಕೊಂಡು ಸ್ಲ್ಯಾಗಿನೊಳಗೆ ತೇಲಿಹೋಗುತ್ತದೆ, ಗಾರೆ ಕರಗಿದ ಗೋಡೆಯಿಂದ ಕಲ್ಲು ಜಾರಿದ ಹಾಗೆ. ಸಿಂಟರ್ ಮಾಡಿದ (ಕರಗಿಸದೆ ಸುಟ್ಟು ಬೆಸೆದ) ಮ್ಯಾಗ್ನೀಷಿಯಾದಲ್ಲಿ ಹರಳು ನೂರು ಮೈಕ್ರಾನ್ ಆಸುಪಾಸು. ಒಳ್ಳೆಯ ಫ್ಯೂಸ್ಡ್‌ನಲ್ಲಿ ಐನೂರರಿಂದ ಸಾವಿರ, ಇನ್ನೂ ಮೇಲೆ. ಹರಳು ದೊಡ್ಡದಾದಷ್ಟೂ ಸಂದಿ ಕಡಿಮೆ.

ಸಂದಿಯಲ್ಲಿ ಏನಿದೆ ಅನ್ನುವುದೂ ನೋಡಬೇಕು. ಸುಣ್ಣ ಸಿಲಿಕಾದ ಎರಡು ಪಟ್ಟಿಗಿಂತ ಜಾಸ್ತಿ ಇದ್ದರೆ ಅಲ್ಲಿ ಡೈಕ್ಯಾಲ್ಸಿಯಂ ಸಿಲಿಕೇಟ್ ಕೂರುತ್ತದೆ. ಅದು ಕರಗಲು 2130 ಡಿಗ್ರಿ ಬೇಕು. ಸುಣ್ಣ ಕಡಿಮೆಯಾದರೆ ಮಾಂಟಿಸೆಲೈಟ್, ಮರ್ವಿನೈಟ್ ಅನ್ನುವ ಸಿಲಿಕೇಟ್‌ಗಳು ಬರುತ್ತವೆ, ಉಕ್ಕಿನ ಬಿಸಿಗೆ ಅವು ನಿಲ್ಲುವುದೇ ಇಲ್ಲ. ನಿಮ್ಮ ಕುಲುಮೆಯ ಮುಚ್ಚಳಕ್ಕೆ ಸ್ಲ್ಯಾಗ್ ತಾಗುವುದಿಲ್ಲ. ಹಾಗಾಗಿ ದೊಡ್ಡ ಹರಳಿನ ಲಾಭ ನಿಮಗೆ ಸಿಗಲೇ ಇಲ್ಲ, ನಷ್ಟ ಮಾತ್ರ ಸಿಕ್ಕಿತು. ಉಳಿದ ಮೂರು ಚೀಲವನ್ನು ಲೋಹ ಹರಿಯುವ ಮೂತಿಗೆ, ಕಿಟ್ಟ ನಿಲ್ಲುವ ಅಂಚಿಗೆ ಇಟ್ಟುಕೊಳ್ಳಿ.

ಉತ್ತರ 3

ನಾನು ಪಿಂಗಾಣಿ ಸುಡುವವಳು. ಕ್ಯಾಸ್ಟಬಲ್ ಬಗ್ಗೆ ಜಾಸ್ತಿ ಗೊತ್ತಿಲ್ಲ. ಆದರೆ ಗೂಡಿನೊಳಗೆ ಇಡುವ ಹಲಗೆಗಳ ಬಗ್ಗೆ ಹೇಳಬಲ್ಲೆ. ನಮ್ಮ ಹಲಗೆ ಕಾರ್ಡಿಯರೈಟ್ ಮುಲ್ಲೈಟ್, ಎರಡೂ ಬಿಸಿ ತಡೆಯುವ ಖನಿಜಗಳು. ಕಾಳು ಮುಲ್ಲೈಟ್, ಅದರ ಸುತ್ತ ಕಾರ್ಡಿಯರೈಟ್. ಬಿಸಿಗೆ ಮುಲ್ಲೈಟ್ ಹಿಗ್ಗುವುದು ಕಾರ್ಡಿಯರೈಟ್‌ನ ಎರಡು ಪಟ್ಟಿಗೂ ಮೇಲೆ. ಸುಟ್ಟು ತಣಿಯುವಾಗ ಕಾಳು ಜಾಸ್ತಿ ಕುಗ್ಗಿ ತನ್ನ ಗೂಡಿನಿಂದ ಚೂರು ಬಿಡಿಸಿಕೊಳ್ಳುತ್ತದೆ. ಪ್ರತಿ ಕಾಳಿನ ಸುತ್ತಲೂ ಕಣ್ಣಿಗೆ ಕಾಣದ ಒಂದು ಬಳೆಯಂಥ ಬಿರುಕು. ಅದು ದೋಷ ಅಲ್ಲ, ಆ ಹಲಗೆ ನೂರಾರು ಸಲ ಕಾದು ತಣಿದರೂ ಉಳಿಯುವುದು ಅದರಿಂದಲೂ ಹೌದು.

ಹೊಸ ಹಲಗೆಯನ್ನು ಬೆರಳ ಗಿಣ್ಣಿನಿಂದ ತಟ್ಟಿದರೆ ದಟ್ಟ ಪಿಂಗಾಣಿಯ ಹಾಗೆ ಟಣ್ ಅನ್ನುವುದಿಲ್ಲ, ಸ್ವಲ್ಪ ಮಂಕು. ಶುರುವಿನಲ್ಲಿ ಅದನ್ನೇ ಬಿರುಕು ಅಂದುಕೊಂಡು ಒಂದು ಒಳ್ಳೆಯ ಹಲಗೆಯನ್ನು ಪಕ್ಕಕ್ಕೆ ಎಸೆದಿದ್ದೆ. ಈಗ ಹೊಸದಾಗಿ ಬಂದಾಗಲೇ ಪ್ರತಿಯೊಂದನ್ನೂ ತಟ್ಟಿ ದನಿ ನೆನಪಿಟ್ಟುಕೊಳ್ಳುತ್ತೇನೆ. ಆ ದನಿ ಬದಲಾದರೆ ಮಾತ್ರ ಅನುಮಾನ.

ಪ್ರಶ್ನೆ ಕೇಳಿದವರು

ಮೂವರಿಗೂ ತುಂಬಾ ಧನ್ಯವಾದ. ಹಳೆಯ ಮುಚ್ಚಳದ ತುಂಡನ್ನು ಒದ್ದೆ ಮಾಡಿ ಒಣಗಲು ಬಿಟ್ಟೆ. ಮೇಲ್ಮೈ ಒಣಗಿದ ಮೇಲೆ ಬಿರುಕಿನ ನೀರು ಮಾತ್ರ ಉಳಿದು ಇಡೀ ಮೈ ಮೇಲೆ ಜೇಡರ ಬಲೆಯ ಹಾಗೆ ಗೆರೆ ಮೂಡಿತು. ಹೊಸದರ ತುಂಡಿನಲ್ಲಿ ಎರಡೇ ಗೆರೆ.

ತೂಕ ಹೀಗಿದೆ. ಟ್ಯಾಬ್ಯುಲರ್: ಒಣಗಿದಾಗ 100.0 ಗ್ರಾಂ, ನೀರೊಳಗೆ 72.7, ನೆನೆದಾಗ 100.9. ಫ್ಯೂಸ್ಡ್: 100.0, 74.4, 102.4. ಎರಡೆರಡು ಸಲ ಮಾಡಿದೆ. ದಶಾಂಶದ ಕೊನೆಯ ಅಂಕೆ ಒಂದೋ ಎರಡೋ ಹೆಚ್ಚುಕಮ್ಮಿ ಬಂತು, ಅಷ್ಟೇ.

ಉತ್ತರ 1

ಅಳತೆ ಚೆನ್ನಾಗಿ ಮಾಡಿದ್ದೀರಿ. ಲೆಕ್ಕ ನೋಡಿ.

ನೆನೆದ ತೂಕದಿಂದ ನೀರೊಳಗಿನ ತೂಕ ಕಳೆದರೆ ಕಾಳಿನ ಒಟ್ಟು ಗಾತ್ರ. ಟ್ಯಾಬ್ಯುಲರ್ 28.2 ಘನ ಸೆಂ.ಮೀ., ಫ್ಯೂಸ್ಡ್ 28.0. ಹಾಗಾಗಿ ಬಲ್ಕ್ ಡೆನ್ಸಿಟಿ 3.55 ಮತ್ತು 3.57. ಹಾಳೆಯಲ್ಲಿ ಒಂದೇ ಥರ ಕಂಡಿದ್ದು ಇದೇ. ಈಗ ನೆನೆದದ್ದರಿಂದ ಒಣಗಿದ್ದನ್ನು ಕಳೆಯಿರಿ. ಒಂದರಲ್ಲಿ 0.9, ಇನ್ನೊಂದರಲ್ಲಿ 2.4. ಅದು ತೆರೆದ ತೂತು: ಟ್ಯಾಬ್ಯುಲರ್‌ನಲ್ಲಿ 3.2%, ಫ್ಯೂಸ್ಡ್‌ನಲ್ಲಿ 8.6%.

ಹಾಗಾದರೆ ಟ್ಯಾಬ್ಯುಲರ್‌ನಲ್ಲಿ ತೂತು ಕಡಿಮೆಯಾ? ಅಲ್ಲ. ಒಣಗಿದ್ದರಿಂದ ನೀರೊಳಗಿನದನ್ನು ಕಳೆದರೆ 27.3 ಬರುತ್ತದೆ. ತೂತೇ ಇಲ್ಲದ ಗಟ್ಟಿ ಅಲ್ಯುಮಿನಾದ ಡೆನ್ಸಿಟಿ 3.98, ಅಂದರೆ ನೂರು ಗ್ರಾಂಗೆ 25.1 ಘನ ಸೆಂ.ಮೀ. ಸಾಕು. ಉಳಿದ 2.2 ಎಲ್ಲಿಂದ ಬಂತು? ಹರಳಿನ ಹೊಟ್ಟೆಯೊಳಗೆ ಮುಚ್ಚಿಕೊಂಡ ತೂತು, ನಾನು ಧೂಳು ಅಂತ ಒರೆಸಿದ ಚುಕ್ಕಿಗಳು. ಸುಮಾರು 8%. ಫ್ಯೂಸ್ಡ್‌ನಲ್ಲಿ ಅದು 2%ಕ್ಕೂ ಕಡಿಮೆ. ಒಟ್ಟು ತೂತು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಒಂದರಲ್ಲಿ ಒಳಗೆ, ಮುಚ್ಚಿ, ದುಂಡಗೆ. ಇನ್ನೊಂದರಲ್ಲಿ ಹೊರಗೆ ಬಾಯಿ ತೆರೆದುಕೊಂಡು.

ನೀರಿನ ಲೆಕ್ಕವನ್ನೂ ಇದಕ್ಕೆ ಕೂಡಿಸಿ. ನೂರು ಗ್ರಾಂ ಕಾಳಿಗೆ 1.5 ಗ್ರಾಂ ಜಾಸ್ತಿ ನೀರು. ನಿಮ್ಮ ಮಿಶ್ರಣದಲ್ಲಿ ದಪ್ಪ ಕಾಳು 60%. ಹಾಗಾದರೆ 0.9. ನೀವು ಜಾಸ್ತಿ ಹಾಕಿದ್ದೂ 0.9! ಆದರೆ ಇದು ಕುದಿಸಿ ಪೂರ್ತಿ ತುಂಬಿಸಿದ ಲೆಕ್ಕ. ಕಲಸುವ ಕೆಲವು ನಿಮಿಷದಲ್ಲಿ ಕಾಳು ಅಷ್ಟು ಹೀರಿರುವುದಿಲ್ಲ. ಒಂದು ಪಾಲು ಕಾಳಿನೊಳಗೆ, ಇನ್ನೊಂದು ಪಾಲು ಚೂಪು ಅಂಚಿನ ಕಾರಣಕ್ಕೆ ಮ್ಯಾಟ್ರಿಕ್ಸ್‌ನಲ್ಲಿ ಅಂತ ನಾನು ನಂಬುತ್ತೇನೆ.

ಮುಂದಿನ ಮುಚ್ಚಳಕ್ಕೆ ಇನ್ನೊಂದು ಯೋಚನೆ. ನಿಮಗೆ 99% ಅಲ್ಯುಮಿನಾ ಕಾಳೇ ಯಾಕೆ ಬೇಕು? ಒಂದು ಮೀಟರ್ ಅಲ್ಯುಮಿನಾವನ್ನು ಸಾವಿರ ಡಿಗ್ರಿ ಕಾಯಿಸಿದರೆ ಸುಮಾರು 8 ಮಿ.ಮೀ. ಹಿಗ್ಗುತ್ತದೆ. ಮುಲ್ಲೈಟ್ ಸುಮಾರು 5. ಥರ್ಮಲ್ ಶಾಕ್‌ನ ಮೂಲವೇ ಈ ಹಿಗ್ಗುವಿಕೆ. ಆಂಡಲೂಸೈಟ್ ಅನ್ನುವ ಖನಿಜದ ಕಾಳು ನೋಡಿ. ಅದನ್ನು ಅಗೆದು ತೆಗೆದ ಹಾಗೆಯೇ ಬಳಸಬಹುದು, ಮೊದಲೇ ಸುಡಬೇಕಾಗಿಲ್ಲ. ಸುಮಾರು 1300 ದಾಟಿದ ಮೇಲೆ ಅದು ನಿಧಾನವಾಗಿ ಮುಲ್ಲೈಟ್ ಆಗುತ್ತದೆ. ಹಿಗ್ಗುವುದು ಶೇಕಡಾ 4ರ ಆಸುಪಾಸು, ಅಷ್ಟನ್ನು ಮಿಶ್ರಣ ತಡೆದುಕೊಳ್ಳುತ್ತದೆ. ಅದರ ಅಣ್ಣ ಕಯನೈಟ್‌ನ ರಾಸಾಯನಿಕವೂ ಅದೇ, ಆದರೆ ಮುಲ್ಲೈಟ್ ಆಗುವಾಗ ಅದು 16ರಿಂದ 18% ಉಬ್ಬುತ್ತದೆ. ಅದನ್ನು ದಪ್ಪ ಕಾಳಾಗಿ ಹಾಕಿದರೆ ಮುಚ್ಚಳವೇ ಸಿಡಿಯುತ್ತದೆ. ನಿಮ್ಮ ಬಿಸಿಗೆ ಆಂಡಲೂಸೈಟ್ ಬಹುತೇಕ ಬದಲಾಗುವುದಿಲ್ಲ. ಅದು ತಾನಾಗಿಯೇ ದಟ್ಟ, ನೀರು ಕಡಿಮೆ ಕುಡಿಯುತ್ತದೆ, ಸಾಕು.

ಎರಡು ಎಚ್ಚರಿಕೆ. ಅದರ ಡೆನ್ಸಿಟಿ 3.1. ತೂಕಕ್ಕೆ ತೂಕ ಬದಲಿಸಬೇಡಿ. ಟ್ಯಾಬ್ಯುಲರ್ 10 ಕೆ.ಜಿ. ಇದ್ದಲ್ಲಿ ಇದು 8.7 ಕೆ.ಜಿ. ಸಾಕು. ಇಲ್ಲದಿದ್ದರೆ ಕಾಳು ಜಾಸ್ತಿಯಾಗಿ ಪುಡಿ ಸಾಲುವುದಿಲ್ಲ. ಮತ್ತೆ 3 ಮಿ.ಮೀ.ಗಿಂತ ದೊಡ್ಡ ಕಾಳು ಬೇಡ. ಮೇಲೆ ಪಿಂಗಾಣಿ ಸುಡುವವರು ಹೇಳಿದ್ದಕ್ಕೆ ಇಲ್ಲಿ ತಿರುಗಾಮುರುಗ ಆಗಬಹುದು. ಅಲ್ಯುಮಿನಾ ಮ್ಯಾಟ್ರಿಕ್ಸ್ ಕಾಳಿಗಿಂತ ಜಾಸ್ತಿ ಕುಗ್ಗಿದರೆ ಕಾಳನ್ನು ಬಿಗಿದು ಹಿಡಿಯುತ್ತದೆ. ಆಗ ಬಿರುಕು ಬಳೆಯಾಗದೆ ಸೂರ್ಯನ ಕಿರಣದ ಹಾಗೆ ಕಾಳಿನಿಂದ ಹೊರಕ್ಕೆ ಹೊರಡುತ್ತದೆ. ಕಾಳು ಸಣ್ಣದಿದ್ದರೆ ಆ ಬಿರುಕೂ ಸಣ್ಣದು, ನಮಗೆ ಬೇಕಾದದ್ದೇ ಅದು. ಕಾಳು ದೊಡ್ಡದಾದರೆ ಪಕ್ಕದ ಕಾಳಿನ ಬಿರುಕಿಗೆ ಹೋಗಿ ಸೇರುತ್ತದೆ.

ಪ್ರಶ್ನೆ ಕೇಳಿದವರು

ಆಂಡಲೂಸೈಟ್ ಸಿಕ್ಕಿತು. 3 ಮಿ.ಮೀ. ಜರಡಿ ಹಿಡಿದು ಹೊಯ್ದೆ. 5.0% ನೀರಿಗೇ ಅಚ್ಚಿನ ಮೂಲೆಗೆಲ್ಲ ಇಳಿಯಿತು. ಮುಟ್ಟಿ ನೋಡಿದರೆ ಮೇಲ್ಮೈ ಹಳೆಯದಕ್ಕಿಂತ ನುಣ್ಣಗಿದೆ. ಫ್ಯೂಸ್ಡ್ ಚೀಲಗಳನ್ನು ಮೂತಿಗೆ ಎತ್ತಿಟ್ಟಿದ್ದೇನೆ. ನಾಳೆ ಅಚ್ಚು ಬಿಚ್ಚುತ್ತೇನೆ. ಒಣಗಿಸುವುದರಲ್ಲಿ ಏನಾದರೂ ಬದಲಿಸಬೇಕಾ?

ಉತ್ತರ 1

ಹೌದು, ಅವಸರ ಬೇಡ. ನೀರು ಕಡಿಮೆ ಅಂದರೆ ಮೈ ದಟ್ಟ, ಆವಿಗೆ ಹೊರಬರುವ ದಾರಿಯೂ ಕಡಿಮೆ. ಅಚ್ಚು ಬಿಚ್ಚಿದ ಮೇಲೆ ಒಂದು ದಿನ ನೆರಳಲ್ಲಿ ಬಿಡಿ. 110 ಡಿಗ್ರಿಯಲ್ಲಿ ಒಂದು ಇಡೀ ರಾತ್ರಿ. ಆಮೇಲೆ ನಿಧಾನ ಏರಿಸಿ, 350ರಲ್ಲಿ ಒಮ್ಮೆ, 550ರಲ್ಲಿ ಒಮ್ಮೆ ನಿಲ್ಲಿಸಿ. ಪ್ರತಿ 25 ಮಿ.ಮೀ. ದಪ್ಪಕ್ಕೆ ಕನಿಷ್ಠ ಒಂದು ಗಂಟೆ, ನಿಮ್ಮದಕ್ಕೆ ನಾಲ್ಕು ಗಂಟೆ. ಮುಚ್ಚಳದ ಅಂಚಿನಿಂದ ಆವಿ ಬರುತ್ತಿರುವವರೆಗೂ ಬಿಸಿ ಏರಿಸಬೇಡಿ. ಒಂದು ತಣ್ಣನೆಯ ಕನ್ನಡಿಯನ್ನು ಅಂಚಿನ ಹತ್ತಿರ ಹಿಡಿದರೆ ಗೊತ್ತಾಗುತ್ತದೆ, ಮಂಜು ಕಟ್ಟಿದರೆ ಇನ್ನೂ ನೀರಿದೆ ಅಂತ. ಮುಂದಿನ ಸಲ ಕಲಸುವಾಗ ನೂರು ಕೆ.ಜಿ.ಗೆ 50 ಗ್ರಾಂ ಪಾಲಿಪ್ರೊಪಿಲೀನ್ ನಾರು ಹಾಕಿ. ಅದು 160 ದಾಟುತ್ತಲೇ ಕರಗಿ ಆವಿಗೆ ದಾರಿ ಬಿಡುತ್ತದೆ.

ಮೊದಲ ಸಲ ಪೂರ್ತಿ ಕಾದು ತಣಿದ ಮೇಲೆ ಒಮ್ಮೆ ತಟ್ಟಿ ದನಿ ಕೇಳಿಸಿಕೊಂಡು, ಹದಿನೈದು ದಿನ ಬಿಟ್ಟು ಮತ್ತೆ ತಟ್ಟಿ ನೋಡಿ ಇಲ್ಲಿ ಬರೆಯಿರಿ.